ಮಗುವಿನ ಕೈಗೆ ಮೊದಲ ಡಿಜಿಟಲ್ ಕ್ಯಾಮೆರಾ: ಕೊಳ್ಳುವ ಮೊದಲು, ಕೊಟ್ಟ ಮೇಲೆ

ನಮ್ಮದು ಸಾಗರದ ಹತ್ತಿರದ ಊರು. ಜುಲೈ ಮಳೆಗೆ ಅಂಗಳದ ಮೆಟ್ಟಿಲೆಲ್ಲ ಪಾಚಿ, ಪಾಚಿಯ ಮೇಲೆ ಬಸವನಹುಳು. ಆಗ ಮಗಳಿಗೆ ಏಳು ವರ್ಷ. ಹುಟ್ಟುಹಬ್ಬಕ್ಕೆ ತರಿಸಿದ್ದ ಹೊಸ ಕ್ಯಾಮೆರಾ ಹಿಡಿದು, ಜಗಲಿಯಲ್ಲಿ ಬೋರಲು ಮಲಗಿ, ಹುಳುವಿನ ಮೂತಿಯ ಹತ್ತಿರ ಕೈ ಚಾಚಿ ಮೂವತ್ತು ಫೋಟೋ ತೆಗೆದಳು. ಒಂದರಲ್ಲೂ ಹುಳು ಕಾಣಲಿಲ್ಲ. ಹಿಂದಿನ ಮೆಟ್ಟಿಲು ಸ್ಪಷ್ಟವಾಗಿತ್ತು, ಮುಂದೆ ಒಂದು ಕಂದು ಮುದ್ದೆ. "ಅಮ್ಮಾ, ನಂಗೆ ಫೋಟೋ ತೆಗೆಯೋಕೆ ಬರಲ್ಲ ಅಲ್ವಾ?" ಅಂದಳು.

ಆ ಮಾತು ನನಗೆ ಚುಚ್ಚಿತು. ತಪ್ಪು ಅವಳದ್ದಲ್ಲ, ಕ್ಯಾಮೆರಾದ್ದು. ಅಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಮಾಡುವ ಶಕ್ತಿಯೇ ಅದಕ್ಕಿರಲಿಲ್ಲ. ಡಬ್ಬಿಯ ಮೇಲೆ ಮಾತ್ರ ದೊಡ್ಡದಾಗಿ "48 ಮೆಗಾಪಿಕ್ಸೆಲ್" ಎಂದಿತ್ತು. ದೊಡ್ಡವರಾದರೆ ಅಂಗಡಿಯವನನ್ನು ಬೈದು ವಾಪಸ್ ಕೊಡುತ್ತೇವೆ. ಮಗು ಕ್ಯಾಮೆರಾದ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ, ಸುಮ್ಮನೆ ಅದನ್ನು ಮೂಲೆಗಿಡುತ್ತದೆ. ಹಾಗಾಗಿ ಈ ಬರಹದಲ್ಲಿ ನಾನು ಪ್ರತಿ ಹೆಜ್ಜೆಯಲ್ಲೂ ಕೇಳುವ ಪ್ರಶ್ನೆ ಒಂದೇ: ಮಗು ಕಂಡದ್ದು ಫೋಟೋದಲ್ಲಿ ಬರುತ್ತದಾ?

ಮೊಬೈಲ್ ಇದೆಯಲ್ಲ, ಕ್ಯಾಮೆರಾ ಯಾಕೆ?

ನಿಜ, ನಿಮ್ಮ ಮೊಬೈಲಿನ ಫೋಟೋ ಚಿಕ್ಕ ಕ್ಯಾಮೆರಾಗಿಂತ ಚೆನ್ನಾಗಿಯೇ ಬರಬಹುದು. ಆದರೆ ಮೊಬೈಲ್ ಮಗುವಿನದ್ದಲ್ಲ. ಫೋನ್ ಬಂದರೆ ವಾಪಸ್ ಕೊಡಬೇಕು, ಬಿದ್ದರೆ ಬೈಗುಳ, ಪಕ್ಕದಲ್ಲೇ ವಿಡಿಯೋಗಳು ಕರೆಯುತ್ತಿರುತ್ತವೆ. ಕ್ಯಾಮೆರಾಗೆ ಒಂದೇ ಕೆಲಸ. ಅದನ್ನು ಹಿಡಿದ ಮಗು ತೋಟಕ್ಕೆ ಹೋಗುತ್ತದೆ, ಹಟ್ಟಿಗೆ ಹೋಗುತ್ತದೆ, ನಾವು ಹಿಂದೆ ಹಿಂದೆ ಓಡಬೇಕಾಗಿಲ್ಲ. ಅದಕ್ಕೇ ಆಟ, ಹಾಡು, ಕಾರ್ಟೂನು ತುಂಬಿಕೊಂಡು ಬರುವ ಮಕ್ಕಳ ಕ್ಯಾಮೆರಾಗಳನ್ನು ನಾನು ಬೇಡ ಅನ್ನುತ್ತೇನೆ. ಅವು ಕ್ಯಾಮೆರಾ ವೇಷದ ಚಿಕ್ಕ ಮೊಬೈಲುಗಳು.

ಹೆಜ್ಜೆ 1: ಎರಡು ಭಾನುವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳುವ ಮೊದಲು ಎರಡು ಭಾನುವಾರ ನಿಮ್ಮ ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಕ್ಯಾಮೆರಾ ತೆರೆದು ಮಗುವಿಗೆ ಒಂದು ಗಂಟೆ ಕೊಡಿ. ಏನು ತೆಗೆಯಬೇಕು ಅಂತ ಹೇಳಬೇಡಿ. ಸಂಜೆ ಆ ಫೋಟೋಗಳನ್ನು ಒಬ್ಬರೇ ಕೂತು ನೋಡಿ.

ಇರುವೆ, ಹೂವು, ಪೆನ್ಸಿಲ್ ತುದಿ, ಬೆಕ್ಕಿನ ಮೀಸೆ ಜಾಸ್ತಿ ಇದ್ದರೆ ನಿಮಗೆ ಬೇಕಾದ್ದು ಹತ್ತಿರದ ಫೋಕಸ್ ಇರುವ ಕ್ಯಾಮೆರಾ. ಅಜ್ಜಿ, ತಮ್ಮ, ಅಡುಗೆಮನೆ, ಸಂಜೆಯ ದೀಪದ ಹೊತ್ತು ಜಾಸ್ತಿ ಇದ್ದರೆ ನಿಜವಾದ ಫ್ಲ್ಯಾಶ್ ಬೇಕು. ಓಡುವ ನಾಯಿ, ಕ್ರಿಕೆಟ್ ಆಡುವ ಗೆಳೆಯರಾದರೆ ಗುಂಡಿ ಒತ್ತಿದ ಕೂಡಲೇ ತೆಗೆಯುವ ಕ್ಯಾಮೆರಾ ಬೇಕು.

ಹಕ್ಕಿಯ ಹುಚ್ಚಿದ್ದರೆ ಮೊದಲೇ ಸತ್ಯ ಹೇಳಿಬಿಡಿ. ಚಿಕ್ಕ ಕ್ಯಾಮೆರಾದ 4 ಅಥವಾ 5 ಪಟ್ಟು ಜೂಮ್‌ಗೆ ರಸ್ತೆ ಆಚೆಯ ಹಸು ಸಿಗುತ್ತದೆ, ಮರದ ತುದಿಯ ಮಂಗಟ್ಟೆ ಸಿಗುವುದಿಲ್ಲ. ದೂರದ ಹಕ್ಕಿಗೆಂದೇ ಬರುವ ನಿಕಾನ್ ಕೂಲ್‌ಪಿಕ್ಸ್ ಪಿ950ಗೆ 83 ಪಟ್ಟು ಜೂಮ್ ಇದೆ, ತೂಕ ಒಂದು ಕಿಲೋ. ಎಂಟು ವರ್ಷದ ಮಗುವಿನ ಕೈ ಅದನ್ನು ಅಲುಗಾಡದೆ ಹಿಡಿಯಲಾರದು. ರಂಗನತಿಟ್ಟಿಗೆ ಹೋದರೆ ಬೈನಾಕ್ಯುಲರ್ ಕೊಡಿ, ಕ್ಯಾಮೆರಾದಲ್ಲಿ ದೋಣಿಯನ್ನೂ ನದಿಯನ್ನೂ ತೆಗೆಯಲಿ.

ಹೆಜ್ಜೆ 2: ವಯಸ್ಸಿಗೆ ತಕ್ಕಂತೆ

ಮೂರರಿಂದ ಐದು ವರ್ಷದ ಮಗುವಿಗೆ ರಬ್ಬರ್ ಹೊದಿಕೆಯ ಆಟಿಕೆ ಕ್ಯಾಮೆರಾ ಸಾಕು. ಆ ವಯಸ್ಸಿಗೆ ಗುಂಡಿ ಒತ್ತುವುದೇ ಸಂತೋಷ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಸೆಲ್ ಹಾಕುವ ಮುಚ್ಚಳಕ್ಕೆ ಸ್ಕ್ರೂ ಇರಲಿ.

ಆರು ದಾಟಿದ ಮೇಲೆ ನಿಜವಾದ ಕ್ಯಾಮೆರಾವನ್ನೇ ಕೊಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಆರು ವರ್ಷದ ಮಗು ರಂಗೋಲಿ ಎಳೆ ಎಳೆಯುತ್ತದೆ, ಸೈಕಲ್ ಹೊಡೆಯುತ್ತದೆ. ಚಿಕ್ಕ ಕ್ಯಾಮೆರಾ ಅದಕ್ಕಿಂತ ಕಷ್ಟವಲ್ಲ.

ಹೆಜ್ಜೆ 3: ಡಬ್ಬಿಯ ಮೇಲಿನ ಅಂಕಿಗಳನ್ನು ಓದುವುದು

ಮೆಗಾಪಿಕ್ಸೆಲ್ ಅಂದರೆ ಫೋಟೋದಲ್ಲಿರುವ ಚುಕ್ಕೆಗಳ ಲೆಕ್ಕ. ಒಂದು ಮೆಗಾಪಿಕ್ಸೆಲ್ ಅಂದರೆ 10 ಲಕ್ಷ ಚುಕ್ಕೆ. ಸ್ಟುಡಿಯೋದಲ್ಲಿ ಮಾಡಿಸುವ 4 ಇಂಚು 6 ಇಂಚಿನ ಪ್ರಿಂಟ್‌ಗೆ, ಇಂಚಿಗೆ 300 ಚುಕ್ಕೆಯಂತೆ, 1200ಕ್ಕೆ 1800 ಚುಕ್ಕೆ ಬೇಕು. ಗುಣಿಸಿದರೆ ಸುಮಾರು 22 ಲಕ್ಷ, ಅಂದರೆ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಎ4 ಹಾಳೆಯಷ್ಟು ದೊಡ್ಡ ಪ್ರಿಂಟ್‌ಗೂ 9 ಮೆಗಾಪಿಕ್ಸೆಲ್ ಸಾಕು. ಹಾಗಾದರೆ ಎರಡು ಸಾವಿರ ರೂಪಾಯಿಯ ಆಟಿಕೆಗೆ 48 ಮೆಗಾಪಿಕ್ಸೆಲ್ ಎಲ್ಲಿಂದ ಬಂತು?

ಎಷ್ಟೋ ಸಲ ಅದು ಬಂದದ್ದಲ್ಲ, ಉಬ್ಬಿಸಿದ್ದು. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಕೆಲವೇ ಮೆಗಾಪಿಕ್ಸೆಲ್‌ನದ್ದಾಗಿರುತ್ತದೆ. ಇರುವ ಚುಕ್ಕೆಗಳ ನಡುವೆ ಕ್ಯಾಮೆರಾ ತಾನೇ ಊಹಿಸಿ ಬೇರೆ ಚುಕ್ಕೆಗಳನ್ನು ತುಂಬಿಸುತ್ತದೆ. ಮಜ್ಜಿಗೆಗೆ ನೀರು ಹಾಕಿದ ಹಾಗೆ: ಪಾತ್ರೆ ತುಂಬುತ್ತದೆ, ರುಚಿ ಹೆಚ್ಚುವುದಿಲ್ಲ. ಇದನ್ನು ಕಂಡುಹಿಡಿಯುವುದು ಸುಲಭ. ದಿನಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿ. ಸೆಟ್ಟಿಂಗ್‌ನಲ್ಲಿ ಮೊದಲು ಅತಿ ದೊಡ್ಡ ಅಳತೆ ಇಟ್ಟು ಒಂದು ಫೋಟೋ, ಆಮೇಲೆ ಚಿಕ್ಕ ಅಳತೆ, 8 ಮೆಗಾಪಿಕ್ಸೆಲ್ ಅನ್ನಿ, ಇಟ್ಟು ಇನ್ನೊಂದು. ಎರಡನ್ನೂ ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ಚಿಕ್ಕ ಅಕ್ಷರ ಓದಿ. 8ರಲ್ಲಿ ಓದಿದ್ದಕ್ಕಿಂತ ಒಂದು ಸಾಲೂ ಹೆಚ್ಚು 48ರಲ್ಲಿ ಸಿಗದಿದ್ದರೆ, ಆ ಅಂಕಿ ಡಬ್ಬಿಗೆ ಮಾತ್ರ.

ಇನ್ನು ಜೂಮ್. ಆಪ್ಟಿಕಲ್ ಜೂಮ್‌ನಲ್ಲಿ ಲೆನ್ಸ್ ಒಳಗಿನ ಗಾಜು ಸರಿದಾಡಿ ದೂರದ್ದನ್ನು ಹತ್ತಿರ ತರುತ್ತದೆ. ಡಿಜಿಟಲ್ ಜೂಮ್ ಅಂದರೆ ಫೋಟೋದ ನಡುಭಾಗ ಕತ್ತರಿಸಿ ಹಿಗ್ಗಿಸುವುದು, ಅಷ್ಟೆ. ಡಬ್ಬಿಯಲ್ಲಿ "ಆಪ್ಟಿಕಲ್" ಎಂಬ ಮಾತೇ ಇಲ್ಲದೆ ಬರೀ "8 ಪಟ್ಟು ಜೂಮ್" ಎಂದಿದ್ದರೆ ಜೂಮ್ ಇಲ್ಲ ಅಂತಲೇ ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಫೋಕಸ್. ನನ್ನ ಮಗಳನ್ನು ಅಳಿಸಿದ್ದೂ ಅದೇ. ಆಟಿಕೆ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಫೋಕಸ್ ಒಂದೇ ದೂರಕ್ಕೆ ಕೂತಿರುತ್ತದೆ. ಒಂದು ಮೀಟರ್ ಆಚೆಗಿನದ್ದು ಪರವಾಗಿಲ್ಲ ಅನ್ನುವಂತೆ ಬರುತ್ತದೆ, ಅದಕ್ಕಿಂತ ಹತ್ತಿರದ್ದು ಮಸುಕು. ಆದರೆ ಮಕ್ಕಳು ಯಾವುದನ್ನಾದರೂ ನೋಡುವುದು ಎಲ್ಲಿಂದ? ಮೂಗು ತಾಗುವಷ್ಟು ಹತ್ತಿರದಿಂದ. ಅದಕ್ಕೇ "ಆಟೋಫೋಕಸ್" (ಫೋಕಸ್ ತಾನೇ ಹೊಂದಿಸಿಕೊಳ್ಳುವುದು) ಇದೆಯಾ, "ಮ್ಯಾಕ್ರೋ" (ತೀರಾ ಹತ್ತಿರದ್ದನ್ನು ತೆಗೆಯುವುದು) ಇದೆಯಾ ಎಂದು ಕೇಳಿ. ಮ್ಯಾಕ್ರೋಗೆ ಕ್ಯಾಮೆರಾ ಮೇಲೆ ಒಂದು ಹೂವಿನ ಗುರುತು ಇರುತ್ತದೆ. ಮರುವರ್ಷ ಅಣ್ಣನ ಬೀರುವಿನಲ್ಲಿದ್ದ ಹಳೇ ಕ್ಯಾನನ್ ಪವರ್‌ಶಾಟ್ ಮಗಳ ಕೈಗೆ ಬಂದಾಗ ಅವಳು ಮೊದಲು ಕಲಿತ ಗುಂಡಿ ಅದೇ ಹೂವು. ಬಸವನಹುಳುವಿನ ಕಣ್ಣು ಕೊಂಬಿನ ತುದಿಯಲ್ಲಿರುತ್ತದೆ ಎಂದು ನನಗೆ ತೋರಿಸಿದ್ದು ಅವಳ ಫೋಟೋ.

ಹೆಜ್ಜೆ 4: ಅಂಗಡಿಯಲ್ಲಿ ಹತ್ತು ನಿಮಿಷ

ಸಾಧ್ಯವಾದರೆ ಮಗುವನ್ನು ಕರೆದುಕೊಂಡೇ ಹೋಗಿ. ಕ್ಯಾಮೆರಾ ಮಗುವಿನ ಕೈಯಲ್ಲಿರಲಿ, ನೀವು ಪಕ್ಕದಲ್ಲಿರಿ.

ಮೊದಲು ಹಿಡಿತ. ಎರಡೂ ಕೈಯಲ್ಲಿ ಹಿಡಿದಾಗ ತೋರುಬೆರಳು ಗುಂಡಿಗೆ ಸುಲಭವಾಗಿ ತಲುಪಬೇಕು. ಬೆರಳು ಲೆನ್ಸ್ ಮುಂದೆ ಬರುತ್ತಿದ್ದರೆ ಆ ಆಕಾರ ನಿಮ್ಮ ಮಗುವಿಗೆ ಸರಿಯಿಲ್ಲ.

ಆಮೇಲೆ ವೇಗ. ನಿಮ್ಮ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ. ಅದನ್ನು ಕ್ಯಾಮೆರಾದಲ್ಲಿ ನೋಡುತ್ತಾ 5 ಸೆಕೆಂಡ್ ಆದ ಕೂಡಲೇ ಗುಂಡಿ ಒತ್ತಿ. ಫೋಟೋದಲ್ಲಿ ಎಷ್ಟು ಬಂದಿದೆ ನೋಡಿ. ನಿಮ್ಮ ಬೆರಳಿನ ತಡವೂ ಅದರಲ್ಲಿ ಸೇರಿರುತ್ತದೆ. ಅದಕ್ಕೇ ಮೂರ್ನಾಲ್ಕು ಸಲ ಮಾಡಿ, ಎರಡು ಕ್ಯಾಮೆರಾ ಹೋಲಿಸಿ. 6 ದಾಟುತ್ತಿದ್ದರೆ ಬೇಡ. ಅಷ್ಟು ಹೊತ್ತಿಗೆ ಬೆಕ್ಕು ಗೋಡೆ ಹಾರಿರುತ್ತದೆ, ಮಗುವಿಗೆ ಬರೀ ಗೋಡೆ ಸಿಗುತ್ತದೆ.

ಅಂಗಡಿಯ ಕತ್ತಲೆ ಮೂಲೆಯಲ್ಲಿ ಯಾರದಾದರೂ ಮುಖ ತೆಗೆಯಲು ಹೇಳಿ. ಫಳ್ ಅಂತ ಒಂದೇ ಕ್ಷಣ ಮಿಂಚಿದರೆ ಅದು ನಿಜವಾದ ಫ್ಲ್ಯಾಶ್. ಟಾರ್ಚ್ ಥರ ಚಿಕ್ಕ ಎಲ್‌ಇಡಿ ಉರಿದರೆ ಎರಡು ಮೀಟರ್ ದೂರದ ಮುಖಕ್ಕೆ ಅದು ಸಾಲದು. ಕೊನೆಗೆ ನಿಮ್ಮ ಅಂಗೈ ಗೆರೆಗಳನ್ನು ಹತ್ತು ಸೆಂಟಿಮೀಟರ್ ದೂರದಿಂದ ತೆಗೆಸಿ. ಗೆರೆ ಸ್ಪಷ್ಟವಾಗಿದ್ದರೆ ಇರುವೆಯೂ ಬರುತ್ತದೆ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕೊಡುವ ಅವಧಿಯೊಳಗೆ ಇದನ್ನೆಲ್ಲ ಮನೆಯಲ್ಲೇ ಮಾಡಿ. ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ ತರಿಸಬೇಡಿ, ಹದಿನೈದು ದಿನ ಮುಂಚೆ ತರಿಸಿ.

ಹೆಜ್ಜೆ 5: ಹೊಸದಾ, ಹಳೆಯದಾ?

ಮೊಬೈಲ್ ಬಂದ ಮೇಲೆ ಚಿಕ್ಕ ಕ್ಯಾಮೆರಾ ಮಾಡುವವರು ಕಡಿಮೆಯಾದರು. ಹೊಸದರಲ್ಲಿ ಸರಳವಾದದ್ದು ಬೇಕಾದರೆ ಕೊಡಾಕ್ ಪಿಕ್ಸ್‌ಪ್ರೊ ಸಾಲಿನ ಎಫ್‌ಜೆಡ್45 ನೋಡಬಹುದು. 16 ಮೆಗಾಪಿಕ್ಸೆಲ್, 4 ಪಟ್ಟು ಆಪ್ಟಿಕಲ್ ಜೂಮ್, ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಎರಡು. ಅದೇ ಸಾಲಿನ ಎಫ್‌ಜೆಡ್55ಗೆ 5 ಪಟ್ಟು ಜೂಮ್, ಚಾರ್ಜ್ ಮಾಡುವ ಬ್ಯಾಟರಿ. ಹೆಸರು ಕೊಡಾಕ್ ಆದರೂ ಇವನ್ನು ತಯಾರಿಸುವುದು ಆ ಹೆಸರು ಬಳಸುವ ಪರವಾನಗಿ ಪಡೆದ ಜೆಕೆ ಇಮೇಜಿಂಗ್ ಎಂಬ ಬೇರೆ ಕಂಪನಿ. ತಗೊಳ್ಳುವ ಮೊದಲು ನಿಮ್ಮೂರಿನ ಹತ್ತಿರ ರಿಪೇರಿ ಎಲ್ಲಿ ಆಗುತ್ತದೆ ಎಂದು ಕೇಳಿಕೊಳ್ಳಿ.

ತೆಗೆದ ಕೂಡಲೇ ಪ್ರಿಂಟ್ ಉದುರಿಸುವ ಮಕ್ಕಳ ಕ್ಯಾಮೆರಾಗಳೂ ಬಂದಿವೆ. ಮಕ್ಕಳಿಗೆ ತುಂಬಾ ಖುಷಿ. ಆದರೆ ಕಡಿಮೆ ಬೆಲೆಯವು ಬಳಸುವುದು ಬಸ್ಸಿನ ಮೆಷಿನ್ ಟಿಕೆಟಿನಂಥ ಥರ್ಮಲ್ ಕಾಗದ. ಜೇಬಿನಲ್ಲಿ ಟಿಕೆಟ್ ಮಾಸುವ ಹಾಗೆ ಅಜ್ಜಿಯ ಮುಖವೂ ಮಾಸುತ್ತದೆ. ಅದನ್ನೇ ತಗೊಳ್ಳುವುದಾದರೆ ಬಿಪಿಎ ಎಂಬ ರಾಸಾಯನಿಕ ಇಲ್ಲದ ಕಾಗದ ಕೇಳಿ, ಮತ್ತು ಫೋಟೋ ಮೆಮೊರಿ ಕಾರ್ಡ್‌ನಲ್ಲೂ ಉಳಿಯುತ್ತದಾ ನೋಡಿಕೊಳ್ಳಿ.

ನನ್ನ ಮನಸ್ಸಿರುವುದು ಮೂರನೆಯ ದಾರಿಯಲ್ಲಿ: ಹತ್ತು ಹದಿನೈದು ವರ್ಷ ಹಳೆಯ ಕ್ಯಾಮೆರಾ. ಕ್ಯಾನನ್ ಪವರ್‌ಶಾಟ್ ಎ ಸಾಲು, ನಿಕಾನ್ ಕೂಲ್‌ಪಿಕ್ಸ್ ಎಲ್ ಸಾಲು, ಸೋನಿ ಸೈಬರ್‌ಶಾಟ್ ಡಬ್ಲ್ಯೂ ಸಾಲು. ಒಂದು ಕಾಲದಲ್ಲಿ ಮದುವೆ, ನಾಮಕರಣ, ಧರ್ಮಸ್ಥಳ ಪ್ರವಾಸ ಎಲ್ಲವನ್ನೂ ತೆಗೆದ ಕ್ಯಾಮೆರಾಗಳಿವು. ಆಟೋಫೋಕಸ್, ಮ್ಯಾಕ್ರೋ, ನಿಜವಾದ ಫ್ಲ್ಯಾಶ್, ನಿಜವಾದ ಜೂಮ್, ಎಲ್ಲ ಇವೆ. ಕೊಳ್ಳುವ ಮೊದಲು ಮನೆಯವರ ಗ್ರೂಪಿನಲ್ಲಿ ಒಂದು ಮಾತು ಹಾಕಿ: "ಯಾರ ಹತ್ರಾನಾದ್ರೂ ಹಳೇ ಡಿಜಿಟಲ್ ಕ್ಯಾಮೆರಾ ಸುಮ್ನೆ ಬಿದ್ದಿದೆಯಾ?" ಚಿಕ್ಕಮ್ಮನ ಬೀರುವಿನಲ್ಲೋ ಭಾವನ ಟೇಬಲ್ ಡ್ರಾಯರಿನಲ್ಲೋ ಒಂದು ಇದ್ದೇ ಇರುತ್ತದೆ. ಈಚೆಗೆ ಕಾಲೇಜು ಹುಡುಗರಿಗೆ ಹಳೇ ಕ್ಯಾಮೆರಾ ಇಷ್ಟವಾಗಿ ಅಂಗಡಿಯಲ್ಲಿ ಬೆಲೆ ಏರಿದೆ, ಹಾಗಾಗಿ ನೆಂಟರ ಬೀರುವೇ ಒಳ್ಳೆಯದು.

ಹೆಜ್ಜೆ 6: ಹಳೆಯದನ್ನು ಪರೀಕ್ಷಿಸುವುದು

ಸೆಲ್ ಗೂಡಿನ ಮುಚ್ಚಳ ತೆಗೆದು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಸೆಲ್ ಒಳಗೇ ಸೋರಿದೆ ಅಂತ ಅರ್ಥ. ಸ್ವಲ್ಪವೇ ಇದ್ದರೆ ಒರೆಸಿ ಸರಿಮಾಡಬಹುದು, ತಗಡು ತಿಂದುಹೋಗಿದ್ದರೆ ಬಿಟ್ಟುಬಿಡಿ. ಆ ಮುಚ್ಚಳದ ಪ್ಲಾಸ್ಟಿಕ್ ಕೊಂಡಿ ಮುರಿದಿದೆಯಾ ನೋಡಿ, ಮೊದಲು ಹಾಳಾಗುವುದು ಅದೇ. ಚಪ್ಪಟೆ ಬ್ಯಾಟರಿಯಾದರೆ ಮೇಜಿನ ಮೇಲಿಡಿ. ಉಬ್ಬಿ ಅಲ್ಲಾಡಿದರೆ ಅದನ್ನು ಮಗುವಿನ ಹತ್ತಿರವೂ ತರಬೇಡಿ, ಬೇರೆ ಬ್ಯಾಟರಿ ಹಾಕಿ.

ಆನ್ ಮಾಡಿ, ಲೆನ್ಸ್ ಹೊರಬರುವ ಸದ್ದು ಕೇಳಿ. ಮರಳು ಸಿಕ್ಕ ಹಾಗೆ ಗರಗರ ಅಂದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಜೂಮ್ ಪೂರ್ತಿ ಒಳಗೆ ಹೊರಗೆ ಹತ್ತು ಸಲ ಮಾಡಿ. ಬಿಳಿ ಗೋಡೆಯ ಒಂದು ಫೋಟೋ ತೆಗೆದು ಹಿಗ್ಗಿಸಿ, ಕಪ್ಪು ಚುಕ್ಕೆ ಇದೆಯಾ ನೋಡಿ. ಟಾರ್ಚ್ ಹಾಕಿ ಲೆನ್ಸ್ ಒಳಗೆ ಇಣುಕಿ. ಜೇಡನ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು.

ಕಾರ್ಡ್ ಯಾವುದು ಹಿಡಿಸುತ್ತದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಹಳೆಯ ಒಲಿಂಪಸ್, ಫ್ಯೂಜಿ ಕ್ಯಾಮೆರಾಗಳು ಕೇಳುವ ಎಕ್ಸ್‌ಡಿ ಕಾರ್ಡ್ ಈಗ ಮಾಡುವುದಿಲ್ಲ. 2010ಕ್ಕಿಂತ ಹಿಂದಿನ ಸೈಬರ್‌ಶಾಟ್‌ಗಳಿಗೆ ಸೋನಿಯದೇ ಮೆಮೊರಿ ಸ್ಟಿಕ್ ಬೇಕು. ಅವನ್ನು ಕಾರ್ಡ್ ಜೊತೆಗೇ ಸಿಕ್ಕರೆ ಮಾತ್ರ ತಗೊಳ್ಳಿ. ಎಸ್‌ಡಿ ಕಾರ್ಡಿನ ಕ್ಯಾಮೆರಾ ಒಳ್ಳೆಯದು. ಅದರಲ್ಲೂ 2006ಕ್ಕಿಂತ ಹಳೆಯವು ಸಾಮಾನ್ಯವಾಗಿ 2 ಜಿಬಿ ತನಕದ ಕಾರ್ಡನ್ನು ಮಾತ್ರ ಓದುತ್ತವೆ. ಆಮೇಲಿನವು ಎಸ್‌ಡಿಎಚ್‌ಸಿ ಎಂಬ ಮುಂದಿನ ಬಗೆಯ ಎಸ್‌ಡಿ ಕಾರ್ಡ್ ಓದಿದರೆ 32 ಜಿಬಿ ತನಕ ನಡೆಯುತ್ತದೆ. 64 ಜಿಬಿ ಹಾಕಿ "ಕಾರ್ಡ್ ಎರರ್" ಬಂದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ಮಗುವಿಗೆ 8 ಅಥವಾ 16 ಜಿಬಿ ಧಾರಾಳ. ಒಂದು ಫೋಟೋ 6 ಎಂಬಿ ಅಂದರೂ 16 ಜಿಬಿಯಲ್ಲಿ ಎರಡೂವರೆ ಸಾವಿರ ಹಿಡಿಯುತ್ತವೆ.

ನೀರಿನಲ್ಲಿ ಬಳಸುವ ಕ್ಯಾಮೆರಾವನ್ನು ಮಾತ್ರ ಹಳೆಯದು ತಗೊಳ್ಳಬೇಡಿ. ಮಕ್ಕಳಿಗೆಂದೇ 2019ರಲ್ಲಿ ಬಂದ ಕೂಲ್‌ಪಿಕ್ಸ್ ಡಬ್ಲ್ಯೂ150 ಹೊಸದಿದ್ದಾಗ 10 ಮೀಟರ್ ನೀರೊಳಗೂ ನಡೆಯುತ್ತಿತ್ತು. ಆದರೆ ನೀರು ತಡೆಯುವುದು ಒಂದು ರಬ್ಬರ್ ಪಟ್ಟಿ, ಮತ್ತು ರಬ್ಬರಿಗೆ ವಯಸ್ಸಾಗುತ್ತದೆ. ಅಂಥದ್ದು ಸಿಕ್ಕರೆ ಹೊಳೆಗೆ ಇಳಿಸಬೇಡಿ, ಮಳೆ ಹನಿಗೆ ಸಾಕು ಅಂದುಕೊಳ್ಳಿ.

ಎಎ ಸೆಲ್‌ನ ಕ್ಯಾಮೆರಾಗೆ ರಿಮೋಟಿಗೆ ಹಾಕುವ ಅಗ್ಗದ ಸೆಲ್ ಹಾಕಿದರೆ ಕೆಲವೇ ಫೋಟೋಗೆ ಸುಸ್ತಾಗುತ್ತದೆ. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು, ಒಂದು ಚಾರ್ಜರ್ ತಗೊಳ್ಳಿ. ಎರಡು ಕ್ಯಾಮೆರಾದಲ್ಲಿ, ಎರಡು ಚಾರ್ಜರಿನಲ್ಲಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗೆ ತೆಗೆದಿಡಿ.

ಹೆಜ್ಜೆ 7: ಕೈಗೆ ಕೊಡುವ ಹಿಂದಿನ ರಾತ್ರಿ

ತಾರೀಕು, ಗಂಟೆ ಸರಿಮಾಡಿ. ಮುಂದೆ ಆ ಫೋಟೋ ಯಾವಾಗಿನದ್ದು ಎಂದು ತಿಳಿಯುವುದು ಅದರಿಂದಲೇ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ ಖಾಲಿ ಮಾಡಿ. ಹಳೇ ಕಾರ್ಡಿನಲ್ಲಿ ಫೋಟೋ ಇದ್ದರೆ ಮೊದಲು ಬೇರೆ ಕಡೆ ಉಳಿಸಿಕೊಳ್ಳಿ, ಅದು ಯಾರದೋ ಮದುವೆ ಆಗಿರಬಹುದು! ಡಿಜಿಟಲ್ ಜೂಮ್ ಆಫ್ ಮಾಡಿ. ಮೂರು ನಿಮಿಷಕ್ಕೆ ತಾನೇ ಆರುವಂತೆ ಇಡಿ. ದಾರವನ್ನು ಮಣಿಕಟ್ಟಿಗೆ ಹಾಕುವಂಥದ್ದೇ ಕಟ್ಟಿ. ಕುತ್ತಿಗೆಗೆ ಹಾಕುವ ದಾರ ಚಿಕ್ಕ ಮಕ್ಕಳಿಗೆ ಬೇಡ. ಮರ ಹತ್ತುವಾಗ, ಜೋಕಾಲಿಯಲ್ಲಿ ಸಿಕ್ಕಿಕೊಂಡರೆ ಅಪಾಯ.

ಹೆಜ್ಜೆ 8: ಮೊದಲ ತಿಂಗಳು

ಮೊದಲ ದಿನ ಒಂದೇ ಪಾಠ: ಗುಂಡಿಯನ್ನು ಅರ್ಧ ಒತ್ತಿ, ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತುವುದು. ನನ್ನ ಮಗಳಿಗೆ ನಾನು "ಅರ್ಧ, ಉಸಿರು, ಪೂರ್ತಿ" ಎಂದು ಹೇಳಿಕೊಟ್ಟೆ. ಎರಡನೇ ದಿನಕ್ಕೆ ಅವಳೇ ಗುನುಗುತ್ತಿದ್ದಳು. ಹೂವಿನ ಗುಂಡಿಯನ್ನು ಎರಡನೇ ವಾರ ತೋರಿಸಿ. ಉಳಿದದ್ದನ್ನೆಲ್ಲ ಅವರೇ ಕಂಡುಕೊಳ್ಳಲಿ.

ಫೋಟೋಗಳನ್ನು ನೋಡುವಾಗ ತಿದ್ದಬೇಡಿ. ತಲೆ ಕತ್ತರಿಸಿದೆ, ಓರೆಯಾಗಿದೆ ಅನ್ನಬೇಡಿ. "ಇದನ್ನ ಯಾಕೆ ತೆಗೆದೆ?" ಎಂದು ಪ್ರೀತಿಯಿಂದ ಕೇಳಿ, ಉತ್ತರ ಕೇಳಿಸಿಕೊಳ್ಳಿ. ಮಗಳ ಮೊದಲ ಕಾರ್ಡಿನಲ್ಲಿ ನಮ್ಮೆಲ್ಲರ ಪಾದಗಳಿದ್ದವು. ಅಜ್ಜಿಯ ಬಿರಿದ ಹಿಮ್ಮಡಿ, ಅಪ್ಪನ ಮಣ್ಣಾದ ಚಪ್ಪಲಿ, ನನ್ನ ಕಾಲುಂಗುರ. ಅವಳ ಎತ್ತರದಿಂದ ಮನೆ ಹಾಗೆ ಕಾಣುತ್ತದೆ ಎಂಬುದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕೇಳಿ ತೆಗೆಯುವುದನ್ನು ಮೊದಲ ವಾರವೇ ಕಲಿಸಿ. "ಅಜ್ಜಿ, ಒಂದು ಫೋಟೋ ತೆಗೀಲಾ?" ಅಂತ ಕೇಳಬೇಕು. ಬೇಡ ಅಂದರೆ ಬೇಡ. ಸ್ನಾನ ಮಾಡುವವರು, ಮಲಗಿದವರು, ಅಳುವವರ ಫೋಟೋ ಬೇಡ. ನಾವೂ ಅದನ್ನೇ ಪಾಲಿಸಬೇಕು: ಮಗು ತೆಗೆದ ಫೋಟೋವನ್ನು ಮಗುವನ್ನು ಕೇಳದೆ ಸ್ಟೇಟಸ್‌ಗೆ ಹಾಕಬಾರದು, ಬೇರೆ ಮಕ್ಕಳಿದ್ದರೆ ಅವರ ಅಪ್ಪ ಅಮ್ಮನನ್ನು ಕೇಳಬೇಕು.

ತಿಂಗಳ ಕೊನೆಗೆ ಹತ್ತು ಫೋಟೋ ಪ್ರಿಂಟ್ ಮಾಡಿಸಿ. ಯಾವ ಹತ್ತು ಎಂಬುದನ್ನು ಮಗುವೇ ಆರಿಸಲಿ. ಇನ್ನೂರರಲ್ಲಿ ಹತ್ತು ಆರಿಸುವಾಗ ಮಕ್ಕಳು ಕಲಿಯುವಷ್ಟನ್ನು ನಾವು ಹೇಳಿ ಕಲಿಸಲು ಆಗುವುದಿಲ್ಲ. ಉಳಿದವನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವ್‌ಗೂ ಹಾಕಿಯೇ ಕಾರ್ಡ್ ಖಾಲಿ ಮಾಡಿ.

ಮಳೆಗಾಲ, ಬೇಸಿಗೆ

ಮಲೆನಾಡು, ಕರಾವಳಿಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಬೀರುವಿನಲ್ಲೋ ಬಟ್ಟೆಯ ಚೀಲದಲ್ಲೋ ಇಟ್ಟರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ಬಣ್ಣ ಬದಲಾಗುವ ಹರಳಿನದ್ದು ಸಿಕ್ಕರೆ ಯಾವಾಗ ಒಣಗಿಸಬೇಕು ಎಂದು ಕಣ್ಣಿಗೇ ತಿಳಿಯುತ್ತದೆ. ಅಕ್ಕಿ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಅಕ್ಕಿಯ ಪುಡಿ ಸಂದಿಗೆ ಸೇರುತ್ತದೆ. ಬಿಸಿಲು ಬಂದ ದಿನ ಹೊರಗೆ ತೆಗೆದು ಬಳಸಿ, ಬಳಸುವ ಕ್ಯಾಮೆರಾಗೆ ಬೂಷ್ಟು ಕಡಿಮೆ. ರಾಯಚೂರು, ಕಲಬುರಗಿ ಕಡೆಯವರಿಗೆ ಬೇರೆ ಚಿಂತೆ: ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕ್ಯಾಮೆರಾ ಬಿಡಬೇಡಿ, ಬ್ಯಾಟರಿ ಹಾಳಾಗುತ್ತದೆ.

ಲೆನ್ಸ್ ಮೇಲೆ ಬೆರಳಚ್ಚು ಬಿದ್ದೇ ಬೀಳುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಧೂಳು ಊದಿ, ಆಮೇಲೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಹೊರಗೆ ಸುತ್ತುತ್ತಾ ಒರೆಸಿ. ಅಂಗಿಯ ಅಂಚು, ಸೀರೆ ಸೆರಗು ಬೇಡ, ಅದರಲ್ಲಿನ ಮಣ್ಣಿನ ಕಣ ಗೆರೆ ಹಾಕುತ್ತದೆ. ನಮ್ಮ ಮನೆಯಲ್ಲಿ ಆ ಬಟ್ಟೆ, ಬ್ಲೋವರ್ ಎರಡೂ ಡಬ್ಬಿಯಲ್ಲೇ ಇವೆ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಮಗಳು ಜಗಲಿಯಲ್ಲಿ ಕೂತು ತಾನೇ ಒರೆಸುತ್ತಾಳೆ, ಸೆಲ್ ಬದಲಿಸುತ್ತಾಳೆ, ಆಮೇಲೆ ತೋಟಕ್ಕೆ ಇಳಿಯುತ್ತಾಳೆ.